ಚಿತ್ರ ಒಡೆಯುವುದು ಎಲ್ಲಿ? ಕಂಪ್ಯೂಟರಿನಲ್ಲಿ ಫ್ರೀ ಡಿಶ್ ನೋಡುವವರಿಗೆ, ರೆಕಾರ್ಡ್ ಮಾಡುವವರಿಗೆ ದೋಷ ಪತ್ತೆಯ ಕೈಪಿಡಿ

ಚಿತ್ರ ಚೌಕಚೌಕವಾಗಿ ಒಡೆದ ಕೂಡಲೇ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಹೊರಗೆ ಹೋಗಿ ಡಿಶ್ ಅಲುಗಾಡಿಸುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸರಿಯಾಗಿದ್ದ ಡಿಶ್ ಒಮ್ಮೆ ಕದಲಿತೆಂದರೆ ಮೊದಲಿದ್ದ ದೋಷದ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಯಾವುದೆಂದು ಬಿಡಿಸುವುದು ಕಷ್ಟ. ಡಿಶ್‌ನಿಂದ ಹಾರ್ಡ್ ಡಿಸ್ಕ್‌ವರೆಗಿನ ದಾರಿಯನ್ನು ನಡುವೆ ಕಡಿದು, ದೋಷ ಯಾವ ತುಂಡಿನಲ್ಲಿದೆ ಎಂದು ಕುರ್ಚಿ ಬಿಟ್ಟು ಏಳದೆಯೇ ತಿಳಿದುಕೊಳ್ಳಬಹುದು. ಈ ಬರಹ ಬಹುಪಾಲು ಅದರ ಬಗ್ಗೆಯೇ ಇದೆ.

ನಾನು ಬರೆಯುತ್ತಿರುವುದು ಸಾಗರದ ಕಡೆಯ ಒಂದು ಹೆಂಚಿನ ಮನೆಯಿಂದ. ಅಂಗಳದ ಅಂಚಿನಲ್ಲಿ 60 ಸೆಂಟಿಮೀಟರಿನ ಡಿಶ್, ಅಲ್ಲಿಂದ ಒಳಗೆ ಸುಮಾರು 15 ಮೀಟರ್ ಆರ್‌ಜಿ-6 ಕೇಬಲ್, ಯುಎಸ್‌ಬಿಗೆ ಚುಚ್ಚುವ ಉಪಗ್ರಹ ಟ್ಯೂನರ್, ಹಳೆಯ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್, ಅದರ ಮೇಲೆ ವಾಹಿನಿ ಹಿಡಿದು ರೆಕಾರ್ಡ್ ಮಾಡುವ ಟಿವಿಹೆಡ್‌ಎಂಡ್ ತಂತ್ರಾಂಶ. ಹಿಡಿಯುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ ಬರುವ ಡಿಡಿ ಫ್ರೀ ಡಿಶ್. ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶ ಬಳಸುವವರಿಗೆ ಗುಂಡಿಗಳ ಹೆಸರು ಬೇರೆಯಾಗಬಹುದು, ಪತ್ತೆಯ ಕ್ರಮ ಇದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಕೊಟ್ಟು ನೋಡುವ ಡಿಟಿಎಚ್ ವಾಹಿನಿಗಳು ಗೂಢಲಿಪಿಯಲ್ಲಿ ಬರುತ್ತವೆ. ಫ್ರೀ ಡಿಶ್‌ನಲ್ಲಿಯೂ ಕೆಲವು ಹಾಗಿವೆ. ಅಂಥ ವಾಹಿನಿಯನ್ನು ರೆಕಾರ್ಡ್ ಮಾಡಿದರೆ ಫೈಲ್ ಸರಿಯಾಗಿ ಬೆಳೆಯುತ್ತದೆ, ಸಿಗ್ನಲ್ ಅಂಕಿಗಳೆಲ್ಲ ಚೆನ್ನಾಗಿರುತ್ತವೆ, ಪರದೆ ಮಾತ್ರ ಕಪ್ಪು. ಅದು ದೋಷವಲ್ಲ. ಪಕ್ಕದ ಉಚಿತ ವಾಹಿನಿ, ಉದಾಹರಣೆಗೆ ಚಂದನ, ಬರುತ್ತದೆಯೇ ನೋಡಿ. ಬಂದರೆ ನಿಮ್ಮ ಉಪಕರಣಗಳೆಲ್ಲ ಸರಿಯಾಗಿವೆ.

ಮೊದಲ ಕಡಿತ: ಒಡಕು ಜಾಗ ಬದಲಿಸುತ್ತದೆಯೇ?

ಹತ್ತು ನಿಮಿಷದ ರೆಕಾರ್ಡಿಂಗ್ ಮಾಡಿ. ಯಾವ ಪರಿವರ್ತನೆಯೂ ಬೇಡ, ಆಕಾಶದಿಂದ ಬಂದ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಹಾಗೆಯೇ ಡಿಸ್ಕ್‌ಗೆ ಇಳಿಯಲಿ. ಆ ಫೈಲನ್ನು ವಿಡಿಯೋ ಆಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ಹಾಕಿ ಚಿತ್ರ ಒಡೆದ ಕ್ಷಣವನ್ನು ಗುರುತು ಮಾಡಿಕೊಳ್ಳಿ. ಮತ್ತೆ ಮೊದಲಿನಿಂದ ಹಾಕಿ. ಮೂರು ಸಲವೂ 4 ನಿಮಿಷ 12 ಸೆಕೆಂಡಿಗೇ ಒಡೆದರೆ ಫೈಲಿನೊಳಗೇ ಗಾಯವಿದೆ, ಅಂದರೆ ದೋಷ ಡಿಸ್ಕ್‌ಗಿಂತ ಹಿಂದಿನದು. ಒಂದು ಸಲ ಅಲ್ಲಿ, ಇನ್ನೊಂದು ಸಲ ಇನ್ನೆಲ್ಲೋ ತಡವರಿಸಿದರೆ ಫೈಲ್ ನಿರೋಗಿ. ಅದನ್ನು ಆಡಿಸುವ ಯಂತ್ರ ಏದುಸಿರು ಬಿಡುತ್ತಿದೆ ಅಷ್ಟೆ. ಆಗ ಡಿಶ್, ಕೇಬಲ್, ಟ್ಯೂನರ್ ಯಾವುದನ್ನೂ ಮುಟ್ಟಬೇಕಿಲ್ಲ. ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಆಯ್ಕೆಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ.

ಚಲಿಸುವ ವಸ್ತುಗಳ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುವುದನ್ನೂ ಹಲವರು ಸಿಗ್ನಲ್ ದೋಷವೆಂದು ತಿಳಿಯುತ್ತಾರೆ. ಅದು ದೋಷವಲ್ಲ. ನಮ್ಮ ಸಾಮಾನ್ಯ ಸ್ಪಷ್ಟತೆಯ ಪ್ರಸಾರದಲ್ಲಿ 576 ಗೆರೆಗಳ ಒಂದು ಚಿತ್ರ ಎರಡು ಅರ್ಧಗಳಾಗಿ ಬರುತ್ತದೆ, ಸೆಕೆಂಡಿಗೆ 50 ಅರ್ಧಚಿತ್ರಗಳು. ವಿಎಲ್‌ಸಿಯಲ್ಲಿ ಡಿಇಂಟರ್‌ಲೇಸ್ ಹಾಕಿದರೆ ಗೆರೆಗಳು ಮಾಯವಾಗುತ್ತವೆ.

ಎರಡನೆಯ ಕಡಿತ: ಹರಿದ ಟಿಕೆಟ್, ಕಳೆದ ಟಿಕೆಟ್

ಫೈಲಿನೊಳಗೇ ಗಾಯವಿದೆ ಎಂದಾದರೆ ಮುಂದಿನ ಪ್ರಶ್ನೆ: ಗಾಯ ಆಗಿದ್ದು ಅಂಗಳದಲ್ಲೋ, ಮೇಜಿನ ಮೇಲೋ? ಇದಕ್ಕೆ ಪ್ರಸಾರದ ಒಳರಚನೆಯೇ ಉತ್ತರ ಕೊಡುತ್ತದೆ, ಹೆಚ್ಚಿನವರು ಅದನ್ನು ಕೇಳುವುದಿಲ್ಲ ಎಂಬುದು ನನ್ನ ಕೊರಗು.

ಡಿಜಿಟಲ್ ಪ್ರಸಾರ 188 ಬೈಟ್‌ಗಳ ಪೊಟ್ಟಣಗಳಾಗಿ ಹರಿದುಬರುತ್ತದೆ. ಒಂದು ವಾಹಿನಿಯ ಚಿತ್ರಕ್ಕೆ ಒಂದು ಗುರುತು ಸಂಖ್ಯೆ, ಧ್ವನಿಗೆ ಇನ್ನೊಂದು. ಪ್ರತಿ ಗುರುತಿನ ಪೊಟ್ಟಣಗಳ ಮೇಲೂ 0ಯಿಂದ 15ರವರೆಗೆ ಸುತ್ತುತ್ತಾ ಹೋಗುವ ಕ್ರಮಸಂಖ್ಯೆ ಇರುತ್ತದೆ. ಬಸ್ ಕಂಡಕ್ಟರ್ ಕೈಯ ಟಿಕೆಟ್ ಪುಸ್ತಕದ ಹಾಗೆ, 7ರ ನಂತರ 9 ಬಂದರೆ 8 ಎಲ್ಲೋ ಕಳೆದಿದೆ. ಇದು ಕ್ರಮತಪ್ಪು. ಇದಲ್ಲದೆ ಪ್ರತಿ ಪೊಟ್ಟಣದ ತಲೆಯಲ್ಲಿ ಒಂದು ಬಿಟ್ ಬೇರೆಯೇ ಕೆಲಸಕ್ಕಿದೆ. ಟ್ಯೂನರ್ ತನಗೆ ಬಂದ ಪೊಟ್ಟಣವನ್ನು ಸರಿಪಡಿಸಲು ಯತ್ನಿಸಿ ಆಗದಿದ್ದರೆ, "ಇದು ಹರಿದದ್ದು" ಎಂದು ಅಲ್ಲಿ ಗುರುತು ಹಾಕುತ್ತದೆ. ಇದು ಸಾಗಣೆತಪ್ಪು.

ಟಿವಿಹೆಡ್‌ಎಂಡ್‌ನ ಸ್ಥಿತಿ ಪುಟದಲ್ಲಿ ಸ್ಟ್ರೀಮ್ ವಿಭಾಗ ತೆರೆದರೆ ಈ ಎರಡರ ಎಣಿಕೆಯೂ ಪಕ್ಕಪಕ್ಕದಲ್ಲಿ ಕಾಣುತ್ತದೆ. ಸರಿಪಡಿಸಲಾಗದ ಬ್ಲಾಕ್‌ಗಳ ಲೆಕ್ಕವೂ ಅಲ್ಲೇ ಇದೆ. ಸಾಗಣೆತಪ್ಪು, ಸರಿಪಡಿಸಲಾಗದ ಬ್ಲಾಕ್ ಎರಡೂ ಏರುತ್ತಿದ್ದರೆ ಪೊಟ್ಟಣಗಳು ಟ್ಯೂನರಿಗೆ ಬರುವ ಮೊದಲೇ ಹರಿದಿವೆ, ಹುಡುಕಬೇಕಾದದ್ದು ಡಿಶ್, ಎಲ್‌ಎನ್‌ಬಿ (ಡಿಶ್‌ನ ಎದುರು ತೋಳಿನ ತುದಿಯಲ್ಲಿ ಅಲೆ ಹಿಡಿಯುವ ಪುಟ್ಟ ಡಬ್ಬಿ), ಕೇಬಲಿನಲ್ಲಿ. ಅವೆರಡೂ ಸೊನ್ನೆಯಲ್ಲೇ ನಿಂತು ಕ್ರಮತಪ್ಪು ಮಾತ್ರ ಏರುತ್ತಿದ್ದರೆ, ಟ್ಯೂನರಿಗೆ ಸಿಕ್ಕಿದ್ದು ಇಡಿಯಾಗಿಯೇ ಇತ್ತು, ಆಮೇಲೆ ಯುಎಸ್‌ಬಿ ದಾರಿಯಲ್ಲಿ ಕಳೆದುಹೋಗಿದೆ.

ಎರಡು ಎಚ್ಚರಿಕೆ. ವಾಹಿನಿ ಬದಲಿಸಿದ ಮೊದಲ ಕ್ಷಣದಲ್ಲಿ ಕೆಲವು ಕ್ರಮತಪ್ಪುಗಳು ಬರುವುದು ಸಹಜ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮತ್ತೆ, ಕೆಲವು ಟ್ಯೂನರುಗಳ ಚಾಲಕ ತಂತ್ರಾಂಶ ಈ ಅಂಕಿಗಳನ್ನು ಪ್ರಾಮಾಣಿಕವಾಗಿ ಕೊಡುವುದಿಲ್ಲ, ಕೆಲವು ಡೆಸಿಬೆಲ್ ಬದಲು ಶೇಕಡಾ ತೋರಿಸುತ್ತವೆ. ಆದ್ದರಿಂದ ಮೋಡವಿಲ್ಲದ ಒಂದು ದಿನ ನಿಮ್ಮದೇ ಯಂತ್ರದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ನನ್ನಲ್ಲಿ ಬಿಸಿಲಿನ ದಿನ ಸಿಗ್ನಲ್ ಗುಣಮಟ್ಟ 12 ಡೆಸಿಬೆಲ್. 3/4 ಸಂಕೇತದ (ನಾಲ್ಕು ಬಿಟ್‌ಗಳಲ್ಲಿ ಮೂರು ಮಾಹಿತಿಗೆ, ಒಂದು ತಪ್ಪು ತಿದ್ದಲು) ಕ್ಯುಪಿಎಸ್‌ಕೆ ಎಂಬ ಬಗೆಯ ಪ್ರಸಾರಕ್ಕೆ ಸುಮಾರು 7 ಡೆಸಿಬೆಲ್ ಬೇಕು. ಅಂದರೆ ನನ್ನ ಕೈಯಲ್ಲಿ 5ರಷ್ಟು ಉಳಿತಾಯವಿದೆ. ಡಿಜಿಟಲ್ ಪ್ರಸಾರದ ಗುಣವೇ ಹೀಗೆ, 7ರ ಮೇಲೆ ಎಲ್ಲವೂ ಚೊಕ್ಕ, ಅದಕ್ಕಿಂತ ಸ್ವಲ್ಪ ಇಳಿದರೂ ಒಮ್ಮೆಲೇ ಚೂರುಚೂರು. ಹಳೆಯ ಆಂಟೆನಾ ಕಾಲದ ಹಾಗೆ ಮೆಲ್ಲಗೆ ಹಿಮ ಬಿದ್ದಂತೆ ಮಸುಕಾಗುವುದಿಲ್ಲ.

ದೋಷ ಅಂಗಳದ ಕಡೆಗಿದ್ದರೆ

ಯಾವಾಗ ಒಡೆಯುತ್ತದೆ ಎಂಬುದನ್ನು ಬರೆದಿಡಿ. ಹೊತ್ತು ಹೇಳುವಷ್ಟನ್ನು ಬೇರೆ ಯಾವುದೂ ಹೇಳುವುದಿಲ್ಲ.

ಮಳೆ ಬಂದಾಗ ಒಡೆದು, ಮಳೆ ನಿಂತ ಕೆಲವೇ ನಿಮಿಷಗಳಲ್ಲಿ ಸರಿಯಾದರೆ ಅದು ಮಳೆಯ ಹೀರಿಕೆ. ಈ ಅಲೆಗಳ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ, ದಪ್ಪ ಹನಿಗಳು ಅವನ್ನು ನುಂಗುತ್ತವೆ, ಚದುರಿಸುತ್ತವೆ. ನಮ್ಮ ಊರಿಂದ ನೋಡಿದರೆ ಜಿಸ್ಯಾಟ್-15 ಆಗ್ನೇಯದಲ್ಲಿ, ನೆಲದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಆದ್ದರಿಂದ ಆಗ್ನೇಯಕ್ಕೆ ಎರಡು ಮೂರು ಕಿಲೋಮೀಟರ್ ಆಚೆ ಸುರಿಯುವ ಮಳೆಯೂ ಅಡ್ಡ ಬರುತ್ತದೆ, ಅಂಗಳದಲ್ಲಿ ಹನಿ ಬೀಳುವ ಮೊದಲೇ ಚಿತ್ರ ಒಡೆಯುವುದು ಇದರಿಂದ. ಬೆಳಗಿನ ಮಂಜನ್ನು ದೂರುವವರನ್ನೂ ಕಂಡಿದ್ದೇನೆ. ಮಂಜಿನ ಕಣಗಳು ತೀರ ಸಣ್ಣವು, ಈ ಅಲೆಗೆ ಅವು ಇದ್ದೂ ಇಲ್ಲದಂತೆ.

ಮಳೆ ನಿಂತು ಅರ್ಧ ದಿನ ಕಳೆದರೂ ಚಿತ್ರ ಮರಳದಿದ್ದರೆ ಎಲ್ಲೋ ನೀರು ಸೇರಿದೆ. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟು ಒಳಗೆ ನೀರು ನಿಲ್ಲುತ್ತದೆ. ಇಲ್ಲವೇ ಕೇಬಲಿನ ತುದಿಯಲ್ಲಿ ತಿರುಗಿಸಿ ಹಾಕುವ ಎಫ್ ಕನೆಕ್ಟರಿನ ಸಂದಿಯಿಂದ ಕೇಬಲಿನೊಳಗೆ ಇಳಿಯುತ್ತದೆ. ಕನೆಕ್ಟರ್ ಬಿಚ್ಚಿ ಹೊರ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ತಂತಿ ಬೆಳ್ಳಗೆ ಹೊಳೆಯುವ ಬದಲು ಬೂದಿ ಬಣ್ಣಕ್ಕೆ ತಿರುಗಿ ಉಗುರಿಗೆ ಪುಡಿಯಾದರೆ ಆ ತುಂಡನ್ನು ಕತ್ತರಿಸಿ, ಹೊಳೆಯುವ ತಂತಿ ಸಿಗುವವರೆಗೆ ಹಿಂದೆ ಹೋಗಿ. ಹೊಸ ಕನೆಕ್ಟರ್ ಹಾಕುವಾಗ ಜಾಲರಿಯ ಒಂದೇ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಕೂದಲಿನಷ್ಟು ತೆಳುವಾದ ಅದು ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಬಳುಕು ಕೆಳಗೆ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಗಾಳಿ ಬೀಸಿದಾಗ ಮಾತ್ರ ಒಡೆದರೆ ಕಂಬ ಅಲುಗುತ್ತಿದೆ, ಅಥವಾ ಯಾವುದೋ ಮರ ಬೆಳೆದು ನಿಂತಿದೆ. ನಮ್ಮಲ್ಲಿ ತೆಂಗಿನ ಸೋಗೆಯೊಂದು ಹೀಗೆ ಕಾಡಿತ್ತು. ಡಿಶ್ ಹಾಕಿದ ವರ್ಷ ಅದು ಕೆಳಗಿತ್ತು, ನಾಲ್ಕು ವರ್ಷದಲ್ಲಿ ದಾರಿಗೆ ಅಡ್ಡ ಬಂದಿತು. ಮಧ್ಯಾಹ್ನದ ಗಾಳಿಗೆ ಸೋಗೆ ತೂಗಿದಾಗಲೆಲ್ಲ ಗುಣಮಟ್ಟದ ಅಂಕಿ 12ರಿಂದ 6ಕ್ಕೆ ಇಳಿದು ಮತ್ತೆ ಏರುತ್ತಿತ್ತು, ಉಸಿರಾಡಿದಂತೆ.

ವರ್ಷದಲ್ಲಿ ಎರಡು ಸಲ, ಆಕಾಶ ತಿಳಿಯಾಗಿದ್ದರೂ, ದಿನವೂ ಒಂದೇ ಹೊತ್ತಿಗೆ ಹತ್ತು ನಿಮಿಷ ಚಿತ್ರ ಹೋಗುತ್ತದೆಯೇ? ಅದು ಸೂರ್ಯ. ಉಪಗ್ರಹದ ಬೆನ್ನ ಹಿಂದೆ ಅವನು ಬಂದಾಗ ಅವನ ರೇಡಿಯೋ ಗದ್ದಲದಲ್ಲಿ ಪ್ರಸಾರ ಮುಳುಗುತ್ತದೆ. ನಮ್ಮ ಭಾಗದಲ್ಲಿ ಈ ಉಪಗ್ರಹಕ್ಕೆ ಅದು ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬೆಳಗ್ಗೆ ಹನ್ನೊಂದರ ಆಸುಪಾಸು, ಕೆಲವು ದಿನ. ಅದಕ್ಕೆ ಮದ್ದಿಲ್ಲ, ಕಾಯಬೇಕು. ದಸರೆಯ ಬೆಳಗಿನ ಕಾರ್ಯಕ್ರಮ ರೆಕಾರ್ಡ್ ಮಾಡುವವರು ಇದನ್ನು ನೆನಪಿಡಿ.

ಇನ್ನು ವಿದ್ಯುತ್ತು. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತನ್ನು ಅದೇ ಕೇಬಲಿನಲ್ಲಿ ಟ್ಯೂನರ್ ಕಳಿಸುತ್ತದೆ, ಲಂಬ ಧ್ರುವೀಕರಣಕ್ಕೆ 13 ವೋಲ್ಟ್, ಅಡ್ಡಕ್ಕೆ 18. ಯುಎಸ್‌ಬಿ ಟ್ಯೂನರುಗಳ ಜೊತೆ ಒಂದು ಪುಟ್ಟ ಅಡಾಪ್ಟರ್ ಬರುವುದು ಈ ಕೆಲಸಕ್ಕೇ. ಕೇಬಲನ್ನು ಎಲ್‌ಎನ್‌ಬಿಗೆ ಜೋಡಿಸಿಯೇ ಈ ವೋಲ್ಟೇಜನ್ನು ಅಳೆಯಬೇಕು, ಹೊರೆಯಿಲ್ಲದಾಗ ಸಾಯುತ್ತಿರುವ ಅಡಾಪ್ಟರೂ 13 ತೋರಿಸುತ್ತದೆ. ಇದಕ್ಕೆ ಕವಲು ಕನೆಕ್ಟರ್ ಇಲ್ಲದವರು ಅದೇ ವೋಲ್ಟೇಜಿನ ಬೇರೆ ಅಡಾಪ್ಟರ್ ಹಾಕಿ ನೋಡುವುದು ಸುಲಭ. ಸೆಟ್‌ಟಾಪ್ ಬಾಕ್ಸಿನಲ್ಲಿ ಅದೇ ಕೇಬಲ್ ಚೆನ್ನಾಗಿ ಕೆಲಸ ಮಾಡಿ, ಕಂಪ್ಯೂಟರಿಗೆ ಹಾಕಿದಾಗ ಮಾತ್ರ ಏನೂ ಬಾರದಿದ್ದರೆ ನನ್ನ ಮೊದಲ ಅನುಮಾನ ಈ ಅಡಾಪ್ಟರಿನ ಮೇಲೆ.

ಒಂದೂ ವಾಹಿನಿ ಸಿಗದಿದ್ದರೆ

ಎರಡನೆಯ ಅನುಮಾನ ಲೆಕ್ಕದ್ದು. ಫ್ರೀ ಡಿಶ್‌ನ ಒಂದು ಟ್ರಾನ್ಸ್‌ಪಾಂಡರ್ (ಹಲವು ವಾಹಿನಿಗಳನ್ನು ಒಟ್ಟಿಗೆ ಕಳಿಸುವ, ಉಪಗ್ರಹದಲ್ಲಿನ ಪ್ರಸಾರಕ) 11090 ಮೆಗಾಹರ್ಟ್ಸ್, ಲಂಬ, ಸಂಕೇತ ವೇಗ 29500. ಕೇಬಲಿನಲ್ಲಿ ಅಷ್ಟು ಎತ್ತರದ ಆವರ್ತನ ಸಾಗುವುದಿಲ್ಲವಾದ್ದರಿಂದ ಎಲ್‌ಎನ್‌ಬಿ ಅದರಿಂದ 9750 ಕಳೆದು 1340 ಮಾಡಿ ಕೆಳಗೆ ಕಳಿಸುತ್ತದೆ. ಟ್ಯೂನರ್ ಕೇಳುವುದು 950ರಿಂದ 2150ರೊಳಗೆ. ತಂತ್ರಾಂಶದಲ್ಲಿ ಎಲ್‌ಎನ್‌ಬಿ ಬಗೆಯನ್ನು ಯೂನಿವರ್ಸಲ್, 9750/10600 ಎಂದು ಕೊಟ್ಟರೆ ಅದು ಸರಿಯಾಗಿ 1340ಕ್ಕೆ ಕಿವಿಗೊಡುತ್ತದೆ. ತಪ್ಪಿ 10600 ಒಂದನ್ನೇ ಕೊಟ್ಟರೆ 490 ಬರುತ್ತದೆ, ಅದು ಟ್ಯೂನರಿನ ಎಲ್ಲೆಯ ಹೊರಗೆ. ಡಿಶ್ ಎಷ್ಟು ತಿರುಗಿಸಿದರೂ ಸಿಗದು. ಹೊಸದಾಗಿ ಜೋಡಿಸಿದವರು ವಾರಗಟ್ಟಲೆ ಒದ್ದಾಡುವುದು ಹೆಚ್ಚಾಗಿ ಈ ಒಂದು ಸಾಲಿನಲ್ಲಿ.

ಮೊದಲು ಬರುತ್ತಿದ್ದ ವಾಹಿನಿ ಈಗ ಇಲ್ಲ, ಉಳಿದವು ಇವೆ ಎಂದಾದರೆ ಮತ್ತೆ ಸ್ಕ್ಯಾನ್ ಮಾಡಿ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳ ಜಾಗ ಇ-ಹರಾಜಿನಲ್ಲಿ ಹೋಗುತ್ತದೆ, ಹರಾಜಿನ ನಂತರ ಸ್ಥಾನಪಲ್ಲಟ ಆಗುತ್ತಲೇ ಇರುತ್ತದೆ. ಹಳೆಯ ಪಟ್ಟಿಗೆ ಇಟ್ಟ ಟೈಮರ್ ಖಾಲಿ ಜಾಗವನ್ನು ರೆಕಾರ್ಡ್ ಮಾಡಿ ಸೊನ್ನೆ ಬೈಟ್ ಫೈಲ್ ಕೊಡುತ್ತದೆ.

ದೋಷ ಮೇಜಿನ ಕಡೆಗಿದ್ದರೆ

ಟ್ಯೂನರ್ ಕಂಪ್ಯೂಟರಿಗೆ ಕಂಡೇ ಇಲ್ಲವಾದರೆ ಕರ್ನಲ್ ಸಂದೇಶಗಳನ್ನು ಓದಿ. ಹೆಚ್ಚಾಗಿ ಫರ್ಮ್‌ವೇರ್ (ಟ್ಯೂನರಿನೊಳಗೆ ಓಡುವ ತಂತ್ರಾಂಶ) ಫೈಲ್ ಸಿಗಲಿಲ್ಲ ಎಂಬ ಸಾಲು ಇರುತ್ತದೆ, ಬೇಕಾದ ಫೈಲಿನ ಹೆಸರೂ ಅದರಲ್ಲೇ ಇರುತ್ತದೆ. ಟ್ಯೂನರ್ ಕಂಡರೂ "ಬಳಕೆಯಲ್ಲಿದೆ" ಎಂದು ವಿಎಲ್‌ಸಿ ದೂರಿದರೆ, ಟಿವಿಹೆಡ್‌ಎಂಡ್ ಹಿನ್ನೆಲೆಯಲ್ಲಿ ಅದನ್ನು ಹಿಡಿದುಕೊಂಡಿದೆ ಎಂದರ್ಥ. ಒಂದು ಟ್ಯೂನರಿಗೆ ಒಬ್ಬನೇ ಒಡೆಯ.

ಕ್ರಮತಪ್ಪು ಮಾತ್ರ ಏರುವ ಪ್ರಕರಣಕ್ಕೆ ಬರೋಣ. 29500 ವೇಗದ ಒಂದು ಟ್ರಾನ್ಸ್‌ಪಾಂಡರ್ 3/4 ಸಂಕೇತದಲ್ಲಿ ಸೆಕೆಂಡಿಗೆ ಸುಮಾರು 40 ಮೆಗಾಬಿಟ್ ಹೊತ್ತು ತರುತ್ತದೆ. ಯುಎಸ್‌ಬಿ 2ರ 480 ಮೆಗಾಬಿಟ್‌ಗೆ ಅದು ಹಗುರ. ಆದರೆ ಸಂಪರ್ಕ ಸಡಿಲವಾಗಿದ್ದರೆ, ಉದ್ದನೆಯ ಅಗ್ಗದ ಯುಎಸ್‌ಬಿ ಕೇಬಲ್ ಇದ್ದರೆ, ಸಾಧನ ಹಳೆಯ 12 ಮೆಗಾಬಿಟ್ ವೇಗಕ್ಕೆ ಇಳಿದುಬಿಡುವುದುಂಟು. ಯುಎಸ್‌ಬಿ ಸಾಧನಗಳ ಮರವನ್ನು ತೋರಿಸುವ ಆದೇಶ ಕೊಟ್ಟು ಟ್ಯೂನರಿನ ಎದುರು 480 ಇದೆಯೋ 12 ಇದೆಯೋ ನೋಡಿ. ಹಬ್ ಬಿಟ್ಟು ಹಿಂಬದಿಯ ಪೋರ್ಟಿಗೆ ನೇರವಾಗಿ ಚುಚ್ಚಿ. ರೆಕಾರ್ಡಿಂಗ್ ಹೋಗುವ ಹೊರ ಡಿಸ್ಕ್ ಮತ್ತು ಟ್ಯೂನರ್ ಎರಡೂ ಒಂದೇ ಹಬ್‌ನಲ್ಲಿದ್ದರೆ ಬೇರ್ಪಡಿಸಿ. ನನಗೆ ಕಂಡ ಈ ಬಗೆಯ ದೋಷಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ವಾಸಿಯಾಗಿವೆ.

ನೋಡುವಾಗ ಸರಿ, ರೆಕಾರ್ಡಿಂಗ್ ಮಾತ್ರ ಕೆಡುತ್ತದೆ

ಒಂದು ವರ್ಷ ಜಂಬೂ ಸವಾರಿಯ ನೇರ ಪ್ರಸಾರವನ್ನು ಅಮ್ಮನಿಗೆಂದು ರೆಕಾರ್ಡ್ ಮಾಡಲು ಇಟ್ಟೆ. ಅವರು ಆ ವಾರ ಆಸ್ಪತ್ರೆಯಲ್ಲಿದ್ದರು, ಮನೆಗೆ ಬಂದ ಮೇಲೆ ನೋಡಬೇಕೆಂದು ಆಸೆಪಟ್ಟಿದ್ದರು. ಫೈಲ್ ತೆರೆದಾಗ ನಂದಿಧ್ವಜದ ಪೂಜೆ ಇತ್ತು, ಸ್ತಬ್ಧಚಿತ್ರಗಳು ಸಾಲಾಗಿ ಸಾಗಿದ್ದವು. ಅಂಬಾರಿ ಹೊತ್ತ ಆನೆ ಬರುವ ಮೊದಲೇ ಪ್ರಸಾರ ತುಂಡಾಗಿತ್ತು. ಮಳೆ ಇರಲಿಲ್ಲ, ಕರೆಂಟು ಹೋಗಿರಲಿಲ್ಲ, ತಪ್ಪಿನ ಎಣಿಕೆ ಸೊನ್ನೆ. ಫೈಲಿನ ಗಾತ್ರ ನೋಡಿದೆ: 4,29,49,67,295 ಬೈಟ್.

ಆ ಸಂಖ್ಯೆಯೇ ರೋಗದ ಹೆಸರು. ಫೈಲುಗಳನ್ನು ಫ್ಯಾಟ್32 ಪದ್ಧತಿಯಲ್ಲಿ ಇಡುವ ಡಿಸ್ಕ್‌ನಲ್ಲಿ ಒಂದು ಫೈಲ್ ಅದಕ್ಕಿಂತ ಒಂದು ಬೈಟ್ ಕೂಡ ದೊಡ್ಡದಾಗುವಂತಿಲ್ಲ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಹರಿಯುವ ವಾಹಿನಿ ಸುಮಾರು 2 ಗಂಟೆ 23 ನಿಮಿಷಕ್ಕೆ ಆ ಗೋಡೆಗೆ ಬಡಿಯುತ್ತದೆ. ಅರ್ಧ ಗಂಟೆಯ ವಾರ್ತೆ, ಒಂದು ಗಂಟೆಯ ನಾಟಕ ರೆಕಾರ್ಡ್ ಮಾಡುವಷ್ಟು ದಿನ ಇದು ತಲೆ ಎತ್ತುವುದೇ ಇಲ್ಲ. ನಿಮ್ಮ ಉದ್ದದ ರೆಕಾರ್ಡಿಂಗುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ನಿಲ್ಲುತ್ತಿದ್ದರೆ ಡಿಸ್ಕ್‌ನಲ್ಲಿರುವುದನ್ನು ಬೇರೆಡೆಗೆ ನಕಲಿಸಿ, ಡಿಸ್ಕನ್ನು ಇಎಕ್ಸ್‌ಟಿ4 ಅಥವಾ ಎಕ್ಸ್‌ಫ್ಯಾಟ್ ಪದ್ಧತಿಗೆ ಹೊಸದಾಗಿ ಫಾರ್ಮ್ಯಾಟ್ ಮಾಡಿ.

ರೆಕಾರ್ಡಿಂಗ್ ಒಂದೇ ಗಾತ್ರಕ್ಕಲ್ಲದೆ ಎಲ್ಲೆಂದರಲ್ಲಿ ತುಂಡಾಗಿ, ಅದರ ನಂತರ ಸಿಗ್ನಲ್ಲೇ ಇಲ್ಲವೆಂದು ದಾಖಲೆ ಹೇಳಿದರೆ ಟ್ಯೂನರಿನ ಅಡಾಪ್ಟರ್ ಯಾವ ಸಾಕೆಟ್ಟಿನಲ್ಲಿದೆ ನೋಡಿ. ಕಂಪ್ಯೂಟರ್ ಯುಪಿಎಸ್‌ನಲ್ಲಿದ್ದು ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿದ್ದರೆ, ಕರೆಂಟು ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋದರೂ ಎಲ್‌ಎನ್‌ಬಿ ಆರುತ್ತದೆ. ಕೆಲವು ಟ್ಯೂನರುಗಳು ಆಮೇಲೆ ತಾವಾಗಿ ಚೇತರಿಸಿಕೊಳ್ಳುವುದಿಲ್ಲ.

ಕಾರ್ಯಕ್ರಮ ಐದೂವರೆ ಗಂಟೆ ಆಚೀಚೆ ರೆಕಾರ್ಡ್ ಆಗಿದ್ದರೆ ಕಂಪ್ಯೂಟರಿನ ಸಮಯವಲಯ ತಪ್ಪಿದೆ. ಪ್ರಸಾರದ ಜೊತೆ ಬರುವ ಕಾರ್ಯಕ್ರಮಪಟ್ಟಿ ಜಾಗತಿಕ ಸಮಯದಲ್ಲಿರುತ್ತದೆ, ಅದನ್ನು ಭಾರತದ ಸಮಯಕ್ಕೆ ತಿರುಗಿಸುವುದು ನಿಮ್ಮ ಯಂತ್ರದ ಕೆಲಸ. ನೇರ ಪ್ರಸಾರಗಳಿಗೆ ಶುರುವಿಗೆ ಮೊದಲು 5 ನಿಮಿಷ, ಮುಗಿಯುವ ಹೊತ್ತಿನ ನಂತರ ಅರ್ಧ ಗಂಟೆ ಹೆಚ್ಚಿಗೆ ಇಡುವುದು ಒಳ್ಳೆಯದು.

ಎರಡು ಗಂಟೆಯ ಫೈಲ್ 26 ಗಂಟೆ ಎಂದು ತೋರಿಸಿ, ಮುಂದೆ ಓಡಿಸಿದರೆ ಎಲ್ಲೋ ಹಾರುವುದೂ ಉಂಟು. ಪ್ರಸಾರದ ಸಮಯಮುದ್ರೆ 33 ಬಿಟ್‌ಗಳದು, ಸೆಕೆಂಡಿಗೆ 90,000 ಎಣಿಕೆಯಂತೆ ಸುಮಾರು 26 ಗಂಟೆ 30 ನಿಮಿಷಕ್ಕೊಮ್ಮೆ ತುಂಬಿ ಸೊನ್ನೆಗೆ ಮರಳುತ್ತದೆ. ಆ ಕ್ಷಣ ನಿಮ್ಮ ರೆಕಾರ್ಡಿಂಗಿನ ನಡುವೆ ಬಿದ್ದಿದೆ. ಚಿತ್ರಕ್ಕೆ ಏನೂ ಆಗಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಹೊಸ ಫೈಲಿಗೆ ಹಾಗೆಯೇ ನಕಲಿಸಿಕೊಂಡರೆ, ಮರುಸಂಕೇತನ ಮಾಡದೆಯೇ, ಹೆಚ್ಚಾಗಿ ಸರಿಹೋಗುತ್ತದೆ.

ಕೊನೆಗೆ, ಡಿಶ್

ಸಾಗಣೆತಪ್ಪು ಏರುತ್ತಿದೆ, ಮಳೆಯಿಲ್ಲ, ಗಾಳಿಯಿಲ್ಲ, ಕನೆಕ್ಟರ್ ಹೊಸದು, ಅಡಾಪ್ಟರ್ ಬದಲಿಸಿ ನೋಡಿದ್ದಾಗಿದೆ, ಎಲ್‌ಎನ್‌ಬಿ ಮುಚ್ಚಳ ಇಡಿಯಾಗಿದೆ. ಈಗ ಡಿಶ್ ಮುಟ್ಟಬಹುದು. ಮುಟ್ಟುವ ಮುನ್ನ ಕಂಬದ ಮೇಲೆ ಮತ್ತು ಹಿಡಿಕೆಯ ಮೇಲೆ ಒಂದೇ ನೇರಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಎಷ್ಟೇ ತಿರುಗಿಸಿದರೂ ಇದ್ದಲ್ಲಿಗೆ ಮರಳಲು ದಾರಿಯಿರುತ್ತದೆ. ಸಾಗರದಲ್ಲಿ ದಿಕ್ಕು ಉತ್ತರದಿಂದ ಬಲಕ್ಕೆ 126 ಡಿಗ್ರಿ, ಎತ್ತರ 63. ಬೆಂಗಳೂರಿನಲ್ಲಿ 128 ಮತ್ತು 66. ಈ ಬಗೆಯ ಡಿಶ್‌ನಲ್ಲಿ ಎಲ್‌ಎನ್‌ಬಿ ಕೆಳಗೆ ಸರಿದಿರುವುದರಿಂದ ತಟ್ಟೆ ನೋಡುವುದಕ್ಕೆ ಇಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ.

ಇದು ಇಬ್ಬರ ಕೆಲಸ. ನಮ್ಮಲ್ಲಿ ತಂಗಿ ಪರದೆಯ ಮುಂದೆ ಕೂತು ಮೊಬೈಲಿನಲ್ಲಿ ಅಂಕಿ ಓದುತ್ತಾಳೆ, ನಾನು ಕಂಬದ ಬಳಿ. ಬೋಲ್ಟನ್ನು ಪೂರ್ತಿ ಸಡಿಲಿಸದೆ, ಕೈಯೊತ್ತಿದರೆ ಮಾತ್ರ ಕದಲುವಷ್ಟು ಬಿಡಿ. ಬೆರಳಗಲದ ಕಾಲುಭಾಗ ಸರಿಸಿ, ಮೂರು ಸೆಕೆಂಡ್ ನಿಲ್ಲಿ. ಟ್ಯೂನರ್ ಅಂಕಿ ಕೊಡಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಕೇಳಬೇಕಾದದ್ದು ಗುಣಮಟ್ಟದ ಅಂಕಿ, ಬಲದ್ದಲ್ಲ. ದಿಕ್ಕು ಮುಗಿದ ಮೇಲೆ ಎತ್ತರ, ಎತ್ತರ ಮುಗಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ.

"ಅಣ್ಣ, ಒಂಬತ್ತು. ಹತ್ತು. ಹನ್ನೊಂದೂವರೆ. ಹನ್ನೊಂದು."

ಅಂಕಿ ಒಮ್ಮೆ ಇಳಿಯಲೇಬೇಕು, ಇಳಿದಾಗಲೇ ಶಿಖರ ದಾಟಿದ್ದು ಗೊತ್ತಾಗುವುದು. ಅಷ್ಟೇ ಹಿಂದೆ ಸರಿಸಿ ಬೋಲ್ಟ್ ಬಿಗಿಯಿರಿ. ಬಿಗಿಯುವಾಗಲೂ ಡಿಶ್ ಸ್ವಲ್ಪ ಜಾರುತ್ತದೆ, ಆದ್ದರಿಂದ ಕೊನೆಯ ಸುತ್ತು ಮುಗಿಯುವವರೆಗೆ ಒಳಗಿನವರು ಅಂಕಿ ಓದುತ್ತಲೇ ಇರಲಿ.